ಬೇವಿನ ಮರದ ಪ್ಲಾಟು ಮತ್ತು ನನ್ನ ತಮ್ಮನ ಪರವಾನಗಿ

ರಿಯಲ್ ಎಸ್ಟೇಟ್ ಪರವಾನಗಿ ಆಯೋಗದ ಅಧ್ಯಕ್ಷರೇ,

ಮಾನ್ಯರೇ, ಜಾತಿಯ ಕಾರಣಕ್ಕೆ ನನಗೊಂದು ಪ್ಲಾಟು ಸಿಗಲಿಲ್ಲ. ಶಹಾಪುರದ ಹೊರಗೆ, ಕಾಲುವೆಯ ಕೆಳಗಿನ ಹೊಸ ಲೇಔಟಿನಲ್ಲಿ ಅದು ಇಂದಿಗೂ ಖಾಲಿ ಬಿದ್ದಿದೆ. ‘ಬುಕ್ ಆಗಿದೆ’ ಎಂದು ಸುಳ್ಳು ಹೇಳಿ ನನ್ನನ್ನು ವಾಪಸು ಕಳಿಸಿದವನು ನೀವೇ ಪರವಾನಗಿ ಕೊಟ್ಟ ಏಜೆಂಟ್. ದೂರು ಕೊಟ್ಟರೆ ಆ ಪರವಾನಗಿ ಕಿತ್ತುಕೊಳ್ಳುವ ಅಧಿಕಾರವೂ ನಿಮ್ಮದೇ. ಆ ಅಧಿಕಾರದ ಬಗ್ಗೆಯೇ ಈ ಪತ್ರ, ಯಾಕೆಂದರೆ ಆ ಏಜೆಂಟ್ ನನ್ನ ಒಡಹುಟ್ಟಿದ ತಮ್ಮ.

ನಾನು ರಂಗಂಪೇಟೆಯ ಶಾಲೆಯೊಂದರಲ್ಲಿ ಶಿಕ್ಷಕಿ. ತಮ್ಮ ಶರಣಕುಮಾರನಿಗೆ ನಿಮ್ಮ ಪರವಾನಗಿ ಬಂದ ದಿನ ನಮ್ಮವ್ವ ಮಾನಮ್ಮ ಓಣಿಗೆಲ್ಲ ಸಜ್ಜಕ ಮಾಡಿ ಹಂಚಿದ್ದಳು. ಪರವಾನಗಿಯನ್ನು ಎಲ್ಲರಿಗೂ ಕಾಣುವಂತೆ ಆಫೀಸಿನ ಗೋಡೆಗೆ ಹಾಕಬೇಕು ಎಂದಿದ್ದಿರಂತೆ. ಕಟ್ಟು ಹಾಕಿಸಿ ತೂಗುಹಾಕಿದ್ದಾನೆ. ಎದುರಿನ ಗೋಡೆಗೆ ಇರಬೇಕಿದ್ದ ಬಾಬಾಸಾಹೇಬರ ಫೋಟೊ ಮಾತ್ರ ಮನೆಯಲ್ಲೇ ಉಳಿಯಿತು. ಗೋಡೆಯಲ್ಲಿ ಜಾಗವಿಲ್ಲ ಎಂದ. ನಾವೂ ನಂಬಿದೆವು.

ಈ ಲೇಔಟು ಮೊದಲು ಭತ್ತದ ಗದ್ದೆ. ನಮ್ಮವ್ವ ಅಲ್ಲಿ ಕೂಲಿಗೆ ಸಸಿ ಹಚ್ಚಿದವಳು. ಬದುವಿನ ಮೇಲೊಂದು ಬೇವಿನ ಮರವಿತ್ತು. ಅದರ ಟೊಂಗೆಗೆ ಸೀರೆಯ ಜೋಲಿ ಕಟ್ಟಿ ಮೊದಲು ನನ್ನನ್ನು, ಆಮೇಲೆ ತಮ್ಮನನ್ನು ಮಲಗಿಸಿ ಅವಳು ಕೆಸರಿಗಿಳಿಯುತ್ತಿದ್ದಳು. ಲೇಔಟು ಮಾಡಿದವರು ಆ ಮರವನ್ನು ಕಡಿದಿಲ್ಲ, ಅದೀಗ ಮೂಲೆಯ ಪ್ಲಾಟಿನಲ್ಲಿದೆ. ಸುದ್ದಿ ಕೇಳಿ ಅವ್ವ, “ಹೌದಾ? ನಮ್ಮ ಗಿಡ ಇನ್ನಾ ಅದ ಏನವ್ವಾ?” ಎಂದು ಮತ್ತೆ ಮತ್ತೆ ಕೇಳಿದಳು. ಮನೆ ಕಟ್ಟಿದರೆ ಅಲ್ಲೇ ಕಟ್ಟಬೇಕು, ಅವಳನ್ನು ಆ ನೆರಳಲ್ಲಿ ಸುಮ್ಮನೆ ಕೂರಿಸಬೇಕು ಎಂದು ನಾನೂ ನನ್ನ ಗಂಡನೂ ನಿಶ್ಚಯಿಸಿದೆವು.

ತಮ್ಮನಿಗೆ ಹೇಳದೆ ಹೋಗಿ ಅವನನ್ನು ಖುಷಿಪಡಿಸೋಣ ಎಂಬ ಹುಚ್ಚು ನನ್ನದೇ. ಭಾನುವಾರ ಹೋದಾಗ ಅವನು ಗಿರಾಕಿಗಳಿಗೆ ಪ್ಲಾಟು ತೋರಿಸುತ್ತಿದ್ದ. ಲೇಔಟಿನ ಮಾಲೀಕರೂ ಜೊತೆಗಿದ್ದರು. ಬೇವಿನ ಮರದ ಪ್ಲಾಟು ನಮಗೆ ಬೇಕೆಂದೆ. ಗಿರಾಕಿಯೊಬ್ಬರು ನನ್ನ ಗಂಡನಿಗೆ ಹೆಸರು ಕೇಳಿದರು. “ಬುದ್ಧಪ್ರಿಯ” ಎಂದರು ಇವರು. ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿದು, ಕಾಲುವೆಯ ನೀರು ನೋಡತೊಡಗಿದರು. ಮಾಲೀಕರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ನನ್ನ ತಮ್ಮನ ಮುಖ ನೋಡಿದರು, ಅಷ್ಟೇ. ತಮ್ಮ ನನ್ನ ಕಡೆ ತಿರುಗಿ ಹೇಳಿದ: “ಮೇಡಂ, ಅದು ಬುಕ್ ಆಗ್ಯದರಿ. ಯಾವೂ ಖಾಲಿ ಉಳದಿಲ್ರಿ.”

ಅವನ ಜೋಲಿ ತೂಗಿದವಳು ನಾನು. ಅದೇ ಮರದ ಕೆಳಗೆ ನಾನು ಅವನಿಗೆ ಮೇಡಂ ಆದೆ. “ಆಗಲ್ರಿ ಸರ್” ಎಂದು ಹೇಳಿ ಬಂದುಬಿಟ್ಟೆ.

ಸಂಜೆ ಮನೆಗೆ ಬಂದವನು ನನ್ನ ಮುಖ ನೋಡದೆ ನೆಲ ನೋಡುತ್ತ ಕುಳಿತ. ಬೈಯಬೇಕೆಂದಿದ್ದೆ, ಆಗಲಿಲ್ಲ.

“ನಿನಗ ಕೊಟ್ರ ಉಳಿದ ಪ್ಲಾಟ್ ಯಾರೂ ತೊಗೊಳ್ಳಂಗಿಲ್ಲ ಅಂತಾರ ಮಾಲಕರು, ಯಕ್ಕಾ. ನಮ್ಮ ಮಂದಿ ಬಂದ್ರ ಬುಕ್ ಆಗ್ಯದ ಅನ್ನು ಅಂತ ಮೊದಲ ಹೇಳಿಟ್ಟಾರ.”

“ನೀ ಯಾವ ಮಂದಿ ಅಂತ ಅವರಿಗೆ ಗೊತ್ತಿಲ್ಲೇನು?”

“ಗೊತ್ತದ. ಗಿರಾಕಿಗಳಿಗೆ ಗೊತ್ತಾಗಬಾರದು, ಅಷ್ಟ. ನಾನು ಮಾರಾಕ ನಡೀತದ, ಇರಾಕ ನಡೆಯಂಗಿಲ್ಲ. ಆ ಗಿಡದ ಪ್ಲಾಟ್ ನಾನೂ ಅವ್ವಗಂತ ನೋಡಿಟ್ಟಿದ್ನಿ, ಯಕ್ಕಾ.”

ಅವ್ವನಿಗೆ ನಾವಿಬ್ಬರೂ ಸೇರಿ ಅದೇ ಸುಳ್ಳು ಹೇಳಿದೆವು. “ಇರ್ಲಿ ಬಿಡ್ರಿ” ಎಂದಳು ಅವಳು. “ಪಾಪ, ಯಾರೋ ನೆಳ್ಳಿಗಂತ ತೊಗೊಂಡಿರಬೇಕು. ಗಿಡ ಕಡೀಬ್ಯಾಡ್ರಿ ಅಂತ ಅಷ್ಟು ಹೇಳು, ಶರಣ್ಯಾ.”

ಮಾನ್ಯರೇ, ನಿಮ್ಮ ಕಚೇರಿಗೆ ನಾನು ಫೋನು ಮಾಡಿದ್ದೆ. ಎತ್ತಿದವರು ಬಹಳ ಸೌಜನ್ಯದಿಂದ, “ಏಜೆಂಟ್ ಹೆಸರು ಹೇಳಿ ಮೇಡಂ, ನೋಟಿಸ್ ಕಳಿಸ್ತೀವಿ” ಎಂದರು. ಹಾಗೆ ಹೇಳಿಸಿದ ಮಾಲೀಕರಿಗೆ ಏನು ಕಳಿಸುತ್ತೀರಿ ಎಂದೆ. “ಅವರು ಏನಾದ್ರೂ ಬರೆದುಕೊಟ್ಟಿದ್ದಾರಾ?” ಎಂದರು. ಇಂಥದ್ದನ್ನು ಯಾರಾದರೂ ಬರೆದುಕೊಡುತ್ತಾರೆಯೇ? ಬೋರ್ಡಿನ ಅಳತೆ, ಕಮಿಷನ್ನಿನ ರಸೀದಿ, ಜಾಹೀರಾತಿನ ಅಕ್ಷರ, ಎಲ್ಲವನ್ನೂ ಪರೀಕ್ಷಿಸುವ ನಿಮ್ಮ ಸೂಕ್ಷ್ಮ ದೃಷ್ಟಿಗೆ ಒಬ್ಬ ಮಾಲೀಕನ ಕಣ್ಸನ್ನೆ ಮಾತ್ರ ಕಾಣುವುದಿಲ್ಲ ಎಂದರೆ ಹೇಗೆ ನಂಬಲಿ? ಪರವಾನಗಿ ಹೋದರೆ ನನ್ನ ತಮ್ಮನ ಅನ್ನ ಹೋಗುತ್ತದೆ. ಮಾಲೀಕರು ಮರುದಿನವೇ ಇನ್ನೊಬ್ಬ ಏಜೆಂಟನನ್ನು ತಂದು ನಿಲ್ಲಿಸುತ್ತಾರೆ, ಆ ಮರದ ಕೆಳಗೆ ಅದೇ ಮಾತು ಮತ್ತೆ ಕೇಳುತ್ತದೆ. ನ್ಯಾಯ ಸಿಕ್ಕಿತೆಂದು ನಾನು ಯಾರಿಗೆ ಸಜ್ಜಕ ಹಂಚಲಿ?

ಇಲ್ಲಿಯವರೆಗೆ ಬರೆದದ್ದನ್ನು ತಮ್ಮನಿಗೆ ಓದಲು ಕೊಟ್ಟೆ. ಅವನ ಹೆಸರು ತೆಗೆದುಬಿಡುವ ಮನಸ್ಸು ನನಗಿತ್ತು. ಅವನು ಪೂರ್ತಿ ಓದಿ ಹೇಳಿದ: “ನನ್ನ ಹೆಸರು ತೆಗೀಬ್ಯಾಡ. ಲೈಸೆನ್ಸ್ ಹ್ವಾದ್ರ ಹೋಗ್ಲಿ. ಅವರು ಕರೀಲಿ, ನಾ ಬರ್ತೀನಿ. ಆ ಮಾಲಕರ ಮುಂದ ನಿಂತು ಒಂದ ಸಲ ‘ಇಕಿ ನಮ್ಮಕ್ಕ’ ಅಂತ ನಾನು ಹೇಳಬೇಕಾಗ್ಯದ.”

ಆದ್ದರಿಂದ ಅವನನ್ನು ಕರೆಯಿರಿ. ಜೊತೆಗೆ ಮಾಲೀಕರನ್ನೂ ಕರೆದು ಅವನ ಎದುರು ಕೂರಿಸಿ. ಖಾಲಿ ಇರುವ ಪ್ಲಾಟನ್ನು ಯಾರಿಗಾದರೂ ನಿರಾಕರಿಸಿದರೆ ಕಾರಣವನ್ನು ಮಾಲೀಕರೇ ಸಹಿ ಹಾಕಿ ಕೊಡಬೇಕೆಂದು ಆದೇಶ ಮಾಡಿ. ಆ ಅಧಿಕಾರ ನಿಮಗಿಲ್ಲದಿದ್ದರೆ ಸರ್ಕಾರದಿಂದ ಕೇಳಿ ಪಡೆಯಿರಿ. ವಿಚಾರಣೆಯ ದಿನ ನನಗೂ ತಿಳಿಸಿ. ನನ್ನ ತಮ್ಮ ಆ ಮಾತು ಹೇಳುವುದನ್ನು ಕೇಳಲು ಅವ್ವನನ್ನು ಕರೆದುಕೊಂಡು ಬರುತ್ತೇನೆ.

ಇಂತಿ,
ಒಂದು ಭಾನುವಾರದ ಮಟ್ಟಿಗೆ ಮೇಡಂ,
ಉಳಿದ ದಿನಗಳಲ್ಲಿ ನಿಮ್ಮ ಏಜೆಂಟನ ಅಕ್ಕ,
ದಾನೇಶ್ವರಿ, ರಂಗಂಪೇಟೆ