ಬಲಗಡೆ ಸೀಟಿನ ಮರಳಪ್ಪ

ಮನೆ, ಅಡುಗೆಮನೆಯ ಮೇಜು
ನವೆಂಬರ್ ೧೪, ಭಾನುವಾರ ಮಧ್ಯಾಹ್ನ

ಮುದ್ದು ಮಗಳೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಮಗುವನ್ನು ಎತ್ತಿಕೊಳ್ಳುವಾಗ ಸೊಂಟ ಬಗ್ಗಿಸಬೇಡ, ಕೂತು ಎತ್ತು ಎಂದು ಅಲ್ಲಿಗೆ ಬಂದಾಗಲೇ ಬಡಿದುಕೊಂಡಿದ್ದೆ. ನೀನು ಕೇಳಿರುವುದಿಲ್ಲ, ನನಗೆ ಗೊತ್ತು. ಕಂದನಿಗೆ ಹಲ್ಲು ಬರುವ ಸೂಚನೆ ಏನಾದರೂ ಇದೆಯಾ? ಅಳಿಯಂದಿರ ಕೆಮ್ಮು ಹೇಗಿದೆ? ದೀಪಸ್ತಂಭದ ಮೇಲೆ ಸಮುದ್ರದ ಗಾಳಿಗೆ ಬರಿತಲೆಯಲ್ಲಿ ನಿಲ್ಲಬೇಡಿ ಎಂದು ಅವರಿಗೆ ಹೇಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿರುವುದೇನು ಬಂತು, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಕಣೇ! ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮಪ್ಪ ಹೊಲಿಗೆ ಮೆಷಿನ್ ತುಳಿಯುತ್ತಾ ಕಿವಿಯನ್ನೆಲ್ಲ ಈ ಕಡೆಗೇ ಇಟ್ಟಿರುತ್ತಾರೆ, ನಾನು ಹೇಳಬೇಕಾದದ್ದರಲ್ಲಿ ಅರ್ಧ ಅವರ ಮೇಲಿನ ಚಾಡಿ. ಅದಕ್ಕೇ ಪತ್ರ. ನಾಳೆಯ ಸಾಮಾನಿನ ದೋಣಿಗೆ ಕೊಟ್ಟು ಕಳಿಸುತ್ತೇನೆ.

ವಿಷಯ ಏನು ಗೊತ್ತಾ? ಮನೆಯಲ್ಲೇ ಕಟ್ಟಿದ ನಮ್ಮ ಎರಡು ಸೀಟಿನ ವಿಮಾನಕ್ಕೆ ಹೊಸ ಪ್ರೊಪೆಲರ್ ಕೂರಿಸಿಬಿಟ್ಟೆ! ಹಳೆಯ ಮರದ ಪ್ರೊಪೆಲರ್ ಒಂದೇ ಗೇರಿನ ಸೈಕಲ್ ಇದ್ದ ಹಾಗೆ. ಅದರ ಅಲಗು ಎಷ್ಟು ಓರೆಯಾಗಿ ಹುಟ್ಟಿತೋ ಸಾಯುವವರೆಗೂ ಅಷ್ಟೇ ಓರೆ. ಮೇಲೆ ಹೋದ ಮೇಲೆ ಸೊಗಸಾಗಿ ಓಡುತ್ತಿತ್ತು, ಏಳುವಾಗ ಮಾತ್ರ ಸೋಮಾರಿ. ನಾನೊಬ್ಬಳೇ ಇದ್ದರೆ ಹೇಗೋ ಏಳುತ್ತಿತ್ತು. ನಿನ್ನ ಹೆರಿಗೆಯಾದಾಗ ಒಬ್ಬಳೇ ನಿಮ್ಮ ದ್ವೀಪಕ್ಕೆ ಬಂದು ಹೋದೆನಲ್ಲ, ಹಾಗೆ. ಪಕ್ಕದಲ್ಲಿ ಇನ್ನೊಬ್ಬರು ಕೂತರೆ ವಿಮಾನ ಓಡುವ ನಿಮ್ಮ ಆ ಮೊಳದುದ್ದದ ಹುಲ್ಲುಹಾದಿ ಮುಗಿದು ಸಮುದ್ರ ಬಂದುಬಿಡುತ್ತದೆ, ಚಕ್ರ ಇನ್ನೂ ಹುಲ್ಲಿನ ಮೇಲೇ ಇರುತ್ತದೆ.

ನಿಮ್ಮಪ್ಪ ಮೊಮ್ಮಗಳನ್ನು ಇನ್ನೂ ನೋಡದಿರುವುದಕ್ಕೆ ಇದೇ ಕಾರಣ. ನೀನು ಮನಸ್ಸಿನಲ್ಲಿ ಬೇರೇನೋ ಇಟ್ಟುಕೊಳ್ಳಬೇಡ. ನಿಮ್ಮ ಕಡೆ ದೋಣಿ ನಿಲ್ಲುವ ಧಕ್ಕೆ ರಿಪೇರಿಯಾಗುವವರೆಗೆ ಪ್ರಯಾಣಿಕರ ದೋಣಿ ಇಲ್ಲ, ಮುಂದಿನ ವರ್ಷದ ಮಾತು ಅದು. ಸಾಮಾನಿನ ದೋಣಿಗೆ ಜನರನ್ನು ಹತ್ತಿಸುವುದಿಲ್ಲ. ಅಷ್ಟರಲ್ಲಿ ಮಗು ಎದ್ದು ಓಡಾಡುತ್ತದೆ. ನಿಮ್ಮಲ್ಲಿಂದ ವಾಪಸು ಬಂದ ಮೇಲೆ ಒಂದು ಸಲ ನೋಡೇಬಿಡೋಣ ಎಂದು ನಿಮ್ಮಪ್ಪನನ್ನು ಕೂರಿಸಿಕೊಂಡು ನಮ್ಮ ಮೈದಾನದಲ್ಲೇ ಓಡಿಸಿದೆ. ವಿಮಾನ ಓಡಿತು, ಓಡಿತು, ಜಪ್ಪಯ್ಯ ಅಂದರೂ ಏಳಲಿಲ್ಲ. ಬೇಲಿ ಹತ್ತಿರ ಬಂತು. ಥ್ರಾಟಲ್ ಹಿಂದಕ್ಕೆಳೆದು ಎಂಜಿನ್ ತಗ್ಗಿಸಿ ಬ್ರೇಕ್ ತುಳಿದೆ. ಬೇಲಿಯ ಮುಳ್ಳು ಎಣಿಸುವಷ್ಟು ಹತ್ತಿರದಲ್ಲಿ ನಿಂತೆವು. ನಿಮ್ಮಪ್ಪ ಬೆಲ್ಟ್ ಬಿಚ್ಚಿದರು, ಇಳಿದರು, ಪ್ಯಾಂಟ್ ಕೊಡವಿಕೊಂಡರು. "ಅದಕ್ಕೆ ನಾನು ಬೇಡ, ನನಗೂ ಅದು ಬೇಡ" ಅಂದವರೇ ನಡೆದುಕೊಂಡು ಮನೆಗೆ ಬಂದರು. ಅಂದಿನಿಂದ ಶೆಡ್ಡಿನ ಕಡೆ ತಲೆ ಹಾಕಿಲ್ಲ. ಆ ವಿಮಾನದ ರೆಕ್ಕೆಗೆ ಬಟ್ಟೆ ಹೊಲಿದವರು ಇವರೇ! ಒಂದೊಂದು ಹೊಲಿಗೆಯನ್ನೂ ಎರಡೆರಡು ಸಲ ಹಾಕಿದವರು!

ಅವರ ಈಗಿನ ಸ್ಥಿತಿ ನೋಡಿದರೆ ನಿನಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ. ಅಳತೆ ತೆಗೆಯದೆ ಕರವಸ್ತ್ರಕ್ಕೂ ಕತ್ತರಿ ಹಾಕದ ಮನುಷ್ಯ ಮೊಮ್ಮಗಳಿಗೆ ಅಂದಾಜಿನಲ್ಲಿ ಫ್ರಾಕ್ ಹೊಲಿಯುತ್ತಿದ್ದಾರೆ. ನೀನು ಕಳಿಸಿದ ಫೋಟೋದಲ್ಲಿ ಮಗುವಿನ ಪಕ್ಕ ಬಕೆಟ್ ಇದೆಯಲ್ಲ, ಅದರ ಮೇಲೆ ಟೇಪ್ ಇಟ್ಟು, "ಈ ಬಕೆಟ್ಟು ಎಷ್ಟೆತ್ತರ ಇತ್ತು, ನೀನು ನೋಡಿದ್ಯಲ್ಲ" ಎಂದು ನನ್ನನ್ನು ದಿನಾ ಪೀಡಿಸುತ್ತಾರೆ. ಒಂದು ಫ್ರಾಕ್ ಚಿಕ್ಕದಾಯಿತೇನೋ ಎಂದು ಇನ್ನೊಂದು, ಅದು ದೊಡ್ಡದಾಯಿತೇನೋ ಎಂದು ಮತ್ತೊಂದು. ಕಪಾಟು ತುಂಬಿದೆ. ಹೀಗಾದರೆ ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗುತ್ತದಾ?

ಕಣ್ಣು ಮಂಜಾಗಿ ಹಾರುವುದನ್ನು ಬಿಟ್ಟ ನನ್ನ ಹಳೆಯ ಜೊತೆಗಾರನೊಬ್ಬ ತನ್ನ ವಿಮಾನ ಬಿಚ್ಚಿಡುತ್ತಿದ್ದ. ಅದರ ಪ್ರೊಪೆಲರನ್ನು ತಂದೆ. ಇದರ ಅಲಗುಗಳು ಹಾರುತ್ತಿರುವಾಗಲೇ ಎಂಜಿನ್ ಎಣ್ಣೆಯ ಒತ್ತಡದಿಂದ ಹೊರಳುತ್ತವೆ. ಎಂಜಿನ್ ಎಷ್ಟು ಜೋರಾಗಿ ಸುತ್ತಬೇಕು ಎಂದು ನಾನು ಒಂದು ನೀಲಿ ಹಿಡಿಯಿಂದ ಹೇಳಿದರೆ ಸಾಕು, ಗವರ್ನರ್ ಎಂಬ ಮುಷ್ಟಿಗಾತ್ರದ ಡಬ್ಬಿ ಅಲಗುಗಳನ್ನು ಬೇಕಾದಷ್ಟು ಹೊರಳಿಸಿ ಅದೇ ವೇಗವನ್ನು ಹಿಡಿದಿಡುತ್ತದೆ. ಏಳುವಾಗ ಒಂದು ಗೇರು, ಓಡುವಾಗ ಇನ್ನೊಂದು ಎಂದುಕೋ. ಕೂರಿಸುವುದೇನು ಸುಲಭವೇ? ಪಂಪ್ ವರ್ಕ್‌ಶಾಪಿನಲ್ಲಿ ಇಷ್ಟು ವರ್ಷ ಲೇತ್ ಹಿಡಿದವಳಿಗೂ ಬೆವರಿಳಿಯಿತು. ಎಣ್ಣೆಯ ಪೈಪು ಎಳೆದು, ಮೂತಿಯ ಕವಚ ಹೊಸದಾಗಿ ಮಾಡಿ, ಮೊದಲ ಸಲ ಎಂಜಿನ್ ಚಾಲೂ ಮಾಡಿದರೆ ಗಾಜಿನ ಮೇಲೆಲ್ಲ ಎಣ್ಣೆಯ ಅಭಿಷೇಕ. ಎಣ್ಣೆ ತಡೆಯುವ ಒಂದು ಸೀಲ್ ಸರಿಯಾಗಿ ಕೂತಿರಲಿಲ್ಲ. ವಿಮಾನ ಪರೀಕ್ಷೆ ಮಾಡುವ ಮೀಸೆ ಇನ್‌ಸ್ಪೆಕ್ಟರ್ ಎರಡು ಸಲ ಬಂದು ಮುಟ್ಟಿ, ತಟ್ಟಿ, ಮೂಸಿ ನೋಡಿ ಕೊನೆಗೆ ಸಹಿ ಹಾಕಿದರು.

ಆಮೇಲೆ ಶುರುವಾಯಿತು ತೂಕದ ರಗಳೆ. ಹೊಸ ಪ್ರೊಪೆಲರ್ ಭಾರ, ವಿಮಾನದ ಮೂತಿ ಕೆಳಕ್ಕೆ ಜಗ್ಗುತ್ತದೆ. ಬ್ಯಾಟರಿಯನ್ನು ಸೀಟಿನ ಹಿಂದಕ್ಕೆ ಸರಿಸಿ, ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿ ಇಟ್ಟು ಎಲ್ಲವನ್ನೂ ಹೊಸದಾಗಿ ತೂಗಿದೆ. ಕೂರುವವರ ತೂಕವೂ ಬೇಕು. ಊರವರ ಸೊಂಟವನ್ನೆಲ್ಲ ಕಣ್ಣಳತೆಯಲ್ಲೇ ಹೇಳುವ ನಿಮ್ಮಪ್ಪ ತಮ್ಮ ತೂಕ ಕೇಳಿದರೆ ಮದುವೆಯಾದ ವರ್ಷದ ತೂಕ ಹೇಳುತ್ತಾರೆ! "ಬರದೇ ಇರೋನ ತೂಕ ಯಾಕೆ ನಿಂಗೆ?" ಬೇರೆ. ನಾನೂ ಬಿಡಲಿಲ್ಲ. ನನಗೆ ತೋಚಿದಷ್ಟು ಮರಳನ್ನು ಚೀಲಗಳಿಗೆ ತುಂಬಿ, ಬಲಗಡೆ ಸೀಟಿನಲ್ಲಿ ಕೂರಿಸಿ, ಜಾರದಂತೆ ಬಿಗಿದು, ಅವರದೇ ಹಳೆಯ ಕೋಟು ತೊಡಿಸಿ ಬೆಲ್ಟ್ ಹಾಕಿದೆ. ಹೆಸರೂ ಇಟ್ಟೆ, ಮರಳಪ್ಪ ಎಂದು. ನಿಮ್ಮಪ್ಪನಿಗಿಂತ ವಾಸಿ ಕಣೇ, ಎದುರು ಮಾತಿಲ್ಲ.

ಮೊದಲು ಒಬ್ಬಳೇ ಹಾರಿಸಿ ನೋಡಿದೆ. ಅಬ್ಬಾ! ಹಿಂದಿನಿಂದ ಯಾರೋ ದಬ್ಬಿದ ಹಾಗಾಯಿತು. ಗಟ್ಟಿಯಾಗಿ ಕೂಗಿಬಿಟ್ಟೆ, ಈ ವಯಸ್ಸಿನಲ್ಲಿ! ಆದರೆ ಒಂದು ಪೆದ್ದುತನ ಮಾಡಿದೆ. ಹಳೆಯ ಪ್ರೊಪೆಲರಿನಲ್ಲಿ ನಾನು ವೇಗ ತಿಳಿಯುತ್ತಿದ್ದದ್ದು ಕಿವಿಯಿಂದ. ಮೂತಿ ಕೆಳಗಾದರೆ ಎಂಜಿನ್ ಕಿರುಚುತ್ತಿತ್ತು. ಹೊಸದರಲ್ಲಿ ಏನೇ ಆದರೂ ಒಂದೇ ಶ್ರುತಿ. ಸದ್ದು ಸರಿಯಾಗಿದೆ ಎಂದು ಹಾಯಾಗಿ ಮೈದಾನ ನೋಡುತ್ತಾ ಇಳಿಯುತ್ತಿದ್ದೆ, ವೇಗದ ಮುಳ್ಳಿನ ಕಡೆ ಕಣ್ಣು ಹಾಯಿಸಿದರೆ ಮಿತಿಮೀರಿ ಎಲ್ಲೋ ಮೇಲೆ ಹೋಗಿದೆ! ಮೂತಿ ಎತ್ತಿ, ಇನ್ನೊಂದು ಸುತ್ತು ಹೊಡೆದು ಇಳಿಸಿದೆ. ಈಗ ಕಿವಿಯ ಕೆಲಸವನ್ನೂ ಕಣ್ಣೇ ಮಾಡಬೇಕು ಎಂದು ಕಲಿತುಕೊಂಡು ಮತ್ತೆ ಮತ್ತೆ ಹಾರಿಸಿದೆ.

ನಿನ್ನೆ ಮರಳಪ್ಪನ ಸರದಿ. ನಿಮ್ಮ ಹುಲ್ಲುಹಾದಿಯ ಉದ್ದವನ್ನು ಇಲ್ಲಿ ಅಳೆದು, ಅದು ಮುಗಿಯುವ ಕಡೆ ನಿಮ್ಮಪ್ಪನ ಬಿಳಿ ಅಸ್ತರಿನ ಬಟ್ಟೆ ಹಾಸಿದೆ. ಅದೇ ಸಮುದ್ರ. ನೀಲಿ ಹಿಡಿ ಪೂರ್ತಿ ಮುಂದೆ, ಥ್ರಾಟಲ್ ಪೂರ್ತಿ ಮುಂದೆ. ಸಮುದ್ರ ಇನ್ನೂ ಎಷ್ಟೋ ದೂರ ಇರುವಾಗಲೇ ಚಕ್ರ ನೆಲ ಬಿಟ್ಟಿತು ಮಗಳೇ! ಮರಳಪ್ಪನ ತೋಳು ಹಿಡಿದು ಅತ್ತುಬಿಟ್ಟೆ. ಮನೆಗೆ ಓಡಿ ಬಂದು ಹೇಳಿದರೆ ನಿಮ್ಮಪ್ಪ ಸೂಜಿಗೆ ದಾರ ಪೋಣಿಸುತ್ತಾ, "ಮರಳು ಏಳುತ್ತೆ, ನಾನು ಏಳಬೇಕಲ್ಲ" ಅಂದರು. ಹೇಗಾಗಬೇಡ ನನಗೆ? ನೀನಾದರೂ ಒಂದು ಮಾತು ಬರೆ. ನಾನು ಹೇಳಿದರೆ ಹಟ, ನೀನು ಹೇಳಿದರೆ ವೇದವಾಕ್ಯ.

ಮಗುವಿನ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ಅಳಿಯಂದಿರಿಗೆ ಆಶೀರ್ವಾದ, ನಿನಗೆ ಎಲ್ಲರಿಗಿಂತ ಒಂದು ಹಿಡಿ ಜಾಸ್ತಿ.

ಇಂತು ನಿನ್ನ,
ಅಮ್ಮ

ಮರೆತಿದ್ದೆ (ಮರೆತಿದ್ದಲ್ಲ, ಈಗಷ್ಟೇ ಆಗಿದ್ದು): ಸೋಮವಾರ ಬೆಳಿಗ್ಗೆ. ದೋಣಿಯವನು ಕಾಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬೆಳಿಗ್ಗೆ ಶೆಡ್ಡಿಗೆ ಹೋದರೆ ಮರಳಪ್ಪನ ತೊಡೆಯ ಮೇಲೆ ಇನ್ನೂ ಎರಡು ಚೀಲ ಕೂತಿವೆ, ಒಂದು ದೊಡ್ಡದು, ಒಂದು ಚಿಕ್ಕದು. ನಾನಿಟ್ಟಿದ್ದಲ್ಲ. ಬಾಯಿಗೆ ಹಗ್ಗ ಕಟ್ಟಿಲ್ಲ, ಅಂಚು ಮಡಚಿ ಹೊಲಿದಿದೆ, ಎರಡೆರಡು ಹೊಲಿಗೆ. ಯಾರ ಕೈ ಎಂದು ನಿನಗೆ ಬೇರೆ ಹೇಳಬೇಕೇ? ಮೂಲೆಯ ತಕ್ಕಡಿಯ ಮೇಲೆ ಅವರ ಚಪ್ಪಲಿಯ ಧೂಳು. ಬಿಗಿದು ಕಟ್ಟಿ ತಕ್ಷಣ ಹಾರಿಸಿದೆ. ಎದ್ದಿತು ಕಣೇ, ಬಿಳಿ ಬಟ್ಟೆಗಿಂತ ಎಷ್ಟೋ ಮೊದಲೇ ಎದ್ದಿತು! ಮನೆಗೆ ಬಂದು, "ರೀ, ದೊಡ್ಡ ಚೀಲ ನಿಮ್ಮ ಸುಳ್ಳಿನ ಬಾಬ್ತು ಅಂತ ಗೊತ್ತಾಯ್ತು, ಚಿಕ್ಕದು ಯಾಕೆ?" ಅಂದೆ. ಮೆಷಿನ್ನಿನಿಂದ ತಲೆ ಎತ್ತಲೇ ಇಲ್ಲ. "ಮಗು ಫ್ರಾಕುಗಳ ತೂಕ ಬೇಡ್ವೇನೇ?" ಅಂದರು.

ಶನಿವಾರ ಬೆಳಿಗ್ಗೆ ಗಾಳಿ ಸುಮ್ಮನಿದ್ದರೆ ಇಬ್ಬರೂ ಬರುತ್ತೇವೆ. ಹುಲ್ಲಿನಿಂದ ಮೇಕೆಗಳನ್ನು ಓಡಿಸಿಡು. ಆ ಬಕೆಟ್ಟನ್ನು ಎಲ್ಲಾದರೂ ಬಚ್ಚಿಡು, ಬಂದವರೇ ಮೊದಲು ಅದನ್ನು ಅಳೆಯುತ್ತಾರೆ. ಮಗುವನ್ನು ನೇರವಾಗಿ ಅವರ ಕೈಗೇ ಕೊಟ್ಟುಬಿಡು.