ನಿಶ್ಚಿಂತದ ಐದು ದೀಪಗಳು

ಬೆಟಗೇರಿ,
ಬಿಸಿಲ್ಮಾಸದ ಮೂವತ್ತನಾಲ್ಕು, 2194

ಹಿಂದಿನವರೇ,

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಬೇಸಿಗೆ ಹಿಗ್ಗಿ ಹಿಗ್ಗಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಿಡಿಸದಂತಾದಾಗ, ನಮ್ಮ ಅಜ್ಜಂದಿರ ಕಾಲದಲ್ಲಿ, ಉಳಿದ ತಿಂಗಳುಗಳಿಂದ ಅಷ್ಟಿಷ್ಟು ದಿನ ಕಿತ್ತು ಒಂದು ಹೊಸ ತಿಂಗಳನ್ನೇ ಕಟ್ಟಿದರು. ಅದೇ ಬಿಸಿಲ್ಮಾಸ. ನನ್ನ ಮಾತುಗಳೂ ನಿಮಗೆ ಹಾಗೇ ಅಪರಿಚಿತ ಎನ್ನಿಸಬಹುದು, ಕ್ಷಮಿಸಿ. ನಿಮ್ಮ ಕಾಲದವರಿಗೆ ಬರೆಯುವಾಗ ನಡುನಡುವೆ ಇಂಗ್ಲಿಷ್ ಇರಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ನನಗೀಗ ನೆನಪಿರುವುದು ‘ವಿತ್ ರೆಫರೆನ್ಸ್ ಟು ದಿ ಅಬೋವ್, ಐ ಬೆಗ್ ಟು ಸ್ಟೇಟ್’ ಅನ್ನುವಷ್ಟು, ಮತ್ತೆ ವ್ಯಾಕರಣದ ಒಂದು ವಾಕ್ಯ. ಅದು ಆಮೇಲೆ ಬರುತ್ತದೆ.

ಈ ಪತ್ರ ಬರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಅದಕ್ಕೆ ಒಂದು ಕಟ್ಟುನಿಟ್ಟು ಇದೆ. ಬರೆಯುವವನು ಹುಟ್ಟುವ ಮೊದಲಿನ ಕಾಲಕ್ಕಷ್ಟೇ ಅದು ಹೋಗುತ್ತದೆ, ತಾನು ಕಂಡವರಿಗೆ ಯಾರೂ ಬರೆಯುವಂತಿಲ್ಲ. ನನ್ನ ಹೆಂಡತಿಗೆ ಬರೆಯಲು ಬಿಟ್ಟಿದ್ದರೆ ನಾನು ನಿಮಗೆ ಬರೆಯುತ್ತಿರಲಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಇದ್ದದ್ದನ್ನು ಹೇಳಿದೆ.

ನಾನು ರಾಚಪ್ಪ ನೂಲ್ವಿ. ಊರಿನ ಬೀದಿಗಳ ಮೇಲೆಲ್ಲ ಈಗ ನೆರಳ್ಬಟ್ಟೆ ಹಾಸಿರುತ್ತದೆ. ಮನೆ ಮಾಳಿಗೆಯಿಂದ ಎದುರು ಮಾಳಿಗೆಗೆ ಬಿಗಿದ ದಪ್ಪ ನೇಯ್ಗೆ ಅದು, ಅದಿಲ್ಲದೆ ಮಧ್ಯಾಹ್ನ ಯಾರೂ ಹೊರಗೆ ಕಾಲಿಡುವಂತಿಲ್ಲ. ಅದನ್ನು ನೇಯುವುದು ನಮ್ಮ ಬೆಟಗೇರಿಯ ಮಗ್ಗಗಳಲ್ಲಿ, ಅದರ ಗುಣ ನೋಡಿ ಮುದ್ರೆ ಒತ್ತುವ ಕೆಲಸ ಸರ್ವೀಸಿನುದ್ದಕ್ಕೂ ನನ್ನದಾಗಿತ್ತು. ಬಟ್ಟೆಯನ್ನು ಯಾರೂ ಮೇಲಿನಿಂದ ನೋಡಿ ಪಾಸು ಮಾಡುವುದಿಲ್ಲ. ತಿರುವಿ ಹಾಕಿ ಬೆನ್ನು ನೋಡಬೇಕು, ಒದ್ದೆ ಮಾಡಿ ಹಿಂಡಬೇಕು, ಮೂಲೆಯಿಂದ ಒಂದು ಎಳೆ ಜಗ್ಗಬೇಕು. ಇಸ್ತ್ರಿ ಮಾಡಿ ಮಡಿಚಿ ತಂದ ಬಟ್ಟೆಯೆಂದರೆ ನಮಗೆ ಮೊದಲಿಗೇ ಅನುಮಾನ. ಇನ್ನೊಂದು ಮಾತು. ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ನಡೆದಿದೆಯೆಂದರೆ ಎಲ್ಲ ನೆಟ್ಟಗಿದೆ ಎಂದರ್ಥ. ಮಗ್ಗ ಸುಮ್ಮನಾಯಿತೋ, ಉಣ್ಣುತ್ತಿದ್ದವರೂ ಎದ್ದು ಓಡಿ ಹೋಗುತ್ತಾರೆ, ಎಳೆ ಹರಿದಿರುತ್ತದೆ.

ಇದನ್ನು ಯಾಕೆ ಹೇಳಿದೆ? ಹಾಂ, ಸಂಜೆಮನೆ. ಇನ್ನು ಔಷಧಿ ನಾಟುವುದಿಲ್ಲ ಎಂದಾದ ಮೇಲೆ ನೋವು ಕಡಿಮೆ ಮಾಡಿ, ಕೊನೆಯವರೆಗೆ ನೋಡಿಕೊಳ್ಳುವ ಮನೆಗೆ ನಾವು ಸಂಜೆಮನೆ ಎನ್ನುತ್ತೇವೆ. ನೀವು ಹಾಸ್ಪಿಸ್ ಅನ್ನುತ್ತಿದ್ದಿರಂತೆ. ಈಗ ಪ್ರತಿ ಪೇಟೆಗೂ ಒಂದಿದೆ, ಪ್ರತಿಯೊಂದರ ಬಾಗಿಲ ಮೇಲೂ ದೀಪಗಳಿವೆ. ಐದು ದೀಪ ಉರಿದರೆ ಉತ್ತಮ ಆರೈಕೆ, ಒಂದು ಉರಿದರೆ ಕಳಪೆ. ದೀಪ ಕೊಡುವುದು ಗುಣಮಂಡಳಿ. ಅವರು ಪ್ರತಿ ಕೋಣೆಯಲ್ಲೂ ಗೋಡೆಗಿವಿ ಎಂಬ ಯಂತ್ರ ಕೂರಿಸಿದ್ದಾರೆ. ನರಳಿಕೆ, ಅಳು, ಏರಿದ ದನಿ ಎಲ್ಲವನ್ನೂ ಅದು ಕೇಳಿಸಿಕೊಳ್ಳುತ್ತದೆ. ಸಪ್ಪಳ ಕಡಿಮೆಯಾದಷ್ಟೂ ದೀಪ ಹೆಚ್ಚು. ಶುರು ಮಾಡಿದವರ ಮನಸ್ಸು ಕೆಟ್ಟದ್ದಿರಲಿಲ್ಲ. ಹಿಂದೊಮ್ಮೆ ಜನ ನೋವಿನಿಂದ ಕೂಗಿ ಕೂಗಿ ಸತ್ತರಂತೆ, ಕೇಳುವವರಿರಲಿಲ್ಲವಂತೆ. ಕೂಗಿದ್ದು ಲೆಕ್ಕಕ್ಕೆ ಬರಲಿ ಅಂತ ಗೋಡೆಗೆ ಕಿವಿ ಕೊಟ್ಟರು.

ನನ್ನ ಹೆಂಡತಿ ಸಾವಂತ್ರೆವ್ವನಿಗೆ ಹೊಟ್ಟೆಯ ಗಡ್ಡೆ ಕೈಮೀರಿದಾಗ ನಾನು ಎರಡು ಸಂಜೆಮನೆ ನೋಡಿ ಬಂದೆ. ಒಂದು ಸಂತೆ ಮೈದಾನದ ಬಗಲಿಗೆ ಹುಲಿಗೆವ್ವ ಎಂಬಾಕೆ ನಡೆಸುವ ಎರಡು ದೀಪದ ಮನೆ. ಒಳಗೆ ಕಾಲಿಟ್ಟರೆ ಒಗ್ಗರಣೆಯ ಘಾಟು, ಯಾರೋ ಭಜನೆ ಹೇಳುತ್ತಿದ್ದರು, ಇನ್ಯಾರೋ ಅಳುತ್ತಿದ್ದರು. ಮೂಲೆಯ ಮಂಚದಿಂದ ಒಬ್ಬ ಮುದುಕ, ಎಲುಬಿನ ಹಂದರ, ಕೂಗುತ್ತಿದ್ದ: “ಹುಲಿಗೀ, ಸಾರಿಗೆ ಉಪ್ಪ ಹಾಕೀಯೋ, ಇಲ್ಲಾ ಅದನ್ನೂ ನನ್ನ ತಿಥಿಗೆ ಉಳಿಸೀಯೋ?” ಆಕೆ ಅಡುಗೆಮನೆಯಿಂದಲೇ, “ನಿನ್ನ ತಿಥಿಗೆ ಸಿಹಿ ಮಾಡಸ್ತೀನಿ ಯಜ್ಜಾ, ಉಪ್ಪಿನ ಚಿಂತಿ ನಿನಗ್ಯಾಕ?” ಎಂದಳು. ಮುದುಕ ನಕ್ಕ, ನಕ್ಕು ಕೆಮ್ಮಿದ. ನನ್ನನ್ನು ಕಂಡ ಹುಲಿಗೆವ್ವ ಕೈ ಒರೆಸಿಕೊಳ್ಳುತ್ತ ಬಂದು ಮೊದಲು ಕೇಳಿದ್ದು ರೋಗದ ವಿಷಯವಲ್ಲ. “ನಿಮ್ಮ ಮನಿಯವ್ರದು ಯಾರ ಜೋಡಿ ಮಾತು ಬಾಕಿ ಐತ್ರಿ?” ಎಂದಳು. ಇದೆಂಥ ಪ್ರಶ್ನೆ ಎಂದು ಹೊರಬಂದೆ.

ಇನ್ನೊಂದು, ನಿಶ್ಚಿಂತ ಸಂಜೆಮನೆ. ಐದು ದೀಪ. ತಣ್ಣಗಿನ ನೆಲ, ಲಾವಂಚದ ವಾಸನೆ, ಗಡಿಯಾರದ ಸದ್ದೂ ಇಲ್ಲ. ಮೇಲ್ವಿಚಾರಕ ಪ್ರಭಂಜನ ಅನ್ನುವವರು ಎದ್ದು ನಿಂತು ಕೈ ಮುಗಿದರು. “ನಿಮ್ಮ ತಾಯಿ ಇದ್ದಂಗ ನೋಡ್ಕೋತೀವ್ರಿ” ಎಂದರು. ಅವಳು ನನ್ನ ಹೆಂಡತಿ ಎಂದೆ. “ಅದ ರೀ, ಯಾರ ತಾಯಿಯಾದ್ರೂ ತಾಯೀನ” ಎಂದರು. ದೀಪಗಳನ್ನು ನಂಬಿದೆ. ಇಡೀ ಊರು ನಂಬುತ್ತದೆ. ದೀಪ ಕೊಟ್ಟವರು ನನ್ನಂತೆಯೇ ಮುದ್ರೆ ಒತ್ತುವವರಲ್ಲವೇ, ಅವರೂ ತಿರುವಿ ಹಾಕಿ ನೋಡಿರುತ್ತಾರೆ ಅಂದುಕೊಂಡೆ.

ಸಾವಂತ್ರೆವ್ವನಿಗೆ ಮಾತು ಬಾಕಿ ಇತ್ತು, ತಂಗಿ ಇಂದ್ರವ್ವನ ಜೊತೆ. ಅವರ ತಾಯಿ ತೀರಿಕೊಂಡಾಗ ಮಗ್ಗದ ಮೇಲೆ ಒಂದು ಸೀರೆ ಅರ್ಧ ನೇಯ್ದು ನಿಂತಿತ್ತು. ಅವ್ವ ಬಿಟ್ಟದ್ದನ್ನು ತಾನು ಮುಗಿಸುತ್ತೇನೆಂದು ಇವಳು. ಅವ್ವನ ಕೈ ನಿಂತಲ್ಲೇ ಅದೂ ನಿಲ್ಲಲಿ ಎಂದು ತಂಗಿ. ಒಂದು ದಿನ ಇವಳು ಬಾವಿಗೆ ಹೋಗಿದ್ದಾಗ ಇಂದ್ರವ್ವ ಕತ್ತರಿ ಹಾಕಿ ನೇಯ್ದ ಅರ್ಧವನ್ನು ಕತ್ತರಿಸಿಕೊಂಡು ಹೋದಳು. ನೇಯ್ಗೆಯವರ ಮನೆಯಲ್ಲಿ ಮಗ್ಗದ ಮೇಲಿನ ಹಾಸಿನ ನಡುವೆ ಕತ್ತರಿ ಹಾಕುವುದೆಂದರೆ ಏನೆಂದು ನಿಮಗೆ ಹೇಗೆ ತಿಳಿಸಲಿ, ಉಣ್ಣುವವನ ಮುಂದಿನ ಎಲೆ ಎಳೆದ ಹಾಗೆ. ನೇಯದ ಬರಿಯ ಹಾಸು, ಅಂದರೆ ಉದ್ದನೆಯ ಎಳೆಗಳು, ಇವಳ ಪೆಟ್ಟಿಗೆಯಲ್ಲಿ ಉಳಿದವು. ಆಮೇಲೆ ಅಕ್ಕತಂಗಿಯರು ಒಂದೇ ಮದುವೆಗೆ ಹೋದರೂ ಬೇರೆ ಬೇರೆ ಪಂಕ್ತಿಗೆ ಕೂರುತ್ತಿದ್ದರು.

ನಿಶ್ಚಿಂತಕ್ಕೆ ಸೇರಿದ ವಾರದಲ್ಲಿ ಸಾವಂತ್ರೆವ್ವ ನನ್ನ ಅಂಗಿ ಜಗ್ಗಿ ಹೇಳಿದಳು: “ಏನ್ರೀ, ಇಂದ್ರಿನ ಕರಸ್ರಿ. ನಾ ಅಕಿಗೆ ಬೈಬೇಕು.” ಈಗೇಕೆ ಬೈಯುವುದು, ಚೆನ್ನಾಗಿ ಮಾತಾಡಿ ಕಳಿಸು ಎಂದೆ. “ನಿಮಗ ಏನೂ ತಿಳಿಯಂಗಿಲ್ಲ. ಬೈಲಾರದ ಹೋದ್ರ, ಅಕ್ಕ ನನ್ನ ಬಿಟ್ಟಾಳ ಅಂತ ತಿಳಕೊಂತಾಳ. ಬೈದ ಮ್ಯಾಲೆ ಅಕಿ ಅಳ್ತಾಳ, ಅತ್ತ ಮ್ಯಾಲೆ ನಾ ಹಾಸು ಕೊಡ್ತೀನಿ. ನನ್ನ ಎಚ್ಚರ ಇಟ್ಟಿರ್ರಿ ಅಷ್ಟ.” ಅಷ್ಟೇ ಅವಳು ಕೇಳಿದ್ದು. ನಾನು ನಂಬಿಕೆಯಿಂದ ಹೋಗಿ ಪ್ರಭಂಜನರಿಗೆ ಎಲ್ಲ ಬಿಡಿಸಿ ಹೇಳಿದೆ. ನಾಳೆ ತಂಗಿ ಬರುತ್ತಾಳೆ, ಸ್ವಲ್ಪ ದನಿ ಏರಬಹುದು, ಇವಳನ್ನು ಎಚ್ಚರವಿಡಿ. ಅವರು ನನ್ನ ಕೈ ಹಿಡಿದು, “ನೀವು ಹೇಳಿದ್ದು ಛಲೋ ಆತ್ರಿ” ಎಂದರು.

ಇಂದ್ರವ್ವ ಬಂದಳು. ಕಂಕುಳಲ್ಲಿ ಆ ಅರ್ಧ ಸೀರೆ. ಕತ್ತರಿಸಿದ ತುದಿಯ ಎಳೆಗಳನ್ನು ಇಷ್ಟು ವರ್ಷ ಒಂದೂ ಹಾಳಾಗದಂತೆ ಚಿಕ್ಕ ಚಿಕ್ಕ ಕುಚ್ಚು ಕಟ್ಟಿ ಇಟ್ಟಿದ್ದಳು. ಮುದ್ರೆ ಒತ್ತಿದ ಕಣ್ಣು ನನ್ನದು, ನೋಡಿದ ಕೂಡಲೇ ತಿಳಿಯಿತು. ಪೆಟ್ಟಿಗೆಯಲ್ಲಿದ್ದ ಹಾಸಿನ ಎಳೆಗೆ ಈ ಎಳೆ ಗಂಟು ಹಾಕಿದರೆ ಆ ಸೀರೆ ಮತ್ತೆ ಮಗ್ಗಕ್ಕೆ ಏರುತ್ತದೆ. ಅದಕ್ಕೇ ತಂದಿದ್ದಳು. ಸಾವಂತ್ರೆವ್ವ ಮಲಗಿದ್ದಳು, ರೆಪ್ಪೆಗಳು ಸಣ್ಣಗೆ ಅದುರುತ್ತಿದ್ದವು. “ಅಕ್ಕಾ” ಎಂದಳು ಇಂದ್ರವ್ವ. ಮತ್ತೊಮ್ಮೆ “ಅಕ್ಕಾ, ನಾ ಬಂದೇನಿ.” ಭುಜ ಅಲುಗಿಸಲು ಕೈ ಚಾಚಿದಾಗ ಆಯಾ ಬಂದು ಬೆರಳು ತುಟಿಗಿಟ್ಟು ಗೋಡೆ ತೋರಿಸಿದಳು. “ಎಬ್ಬಸಬ್ಯಾಡ್ರಿ, ಗ್ವಾಡಿ ಕೇಳ್ತೇತಿ.” ಇಂದ್ರವ್ವ ಬಹಳ ಹೊತ್ತು ಕೂತಳು. ಎದ್ದಾಗ ಸೀರೆಯನ್ನು ದಿಂಬಿನ ಬದಿಗಿಟ್ಟು, ನನ್ನ ಮುಖ ನೋಡದೆ ಹೊರಟಳು. ಎರಡು ದಿನಕ್ಕೆ ಸಾವಂತ್ರೆವ್ವ ಆ ನಿದ್ದೆಯಲ್ಲೇ ಹೋದಳು. ಕಾಲೇಜಿನ ಆ ವಾಕ್ಯ ಈಗ ಬರುತ್ತದೆ: ದಿ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್. ಮೇಷ್ಟ್ರು ಅದನ್ನು ನೂರು ಸಲ ಹೇಳಿಸಿದ್ದರು. ಡಾಕ್ಟರು ಬರುವ ಮೊದಲು ಸಾಯುವುದೇ ಲೋಕದ ದೊಡ್ಡ ದುಃಖ ಎಂದು ಆಗ ತಿಳಿದಿದ್ದೆ.

ದಿನಕರ್ಮ ಮುಗಿದ ಮೇಲೆ ನಿಶ್ಚಿಂತದವರು ಮನೆಯವರನ್ನು ಊಟಕ್ಕೆ ಕರೆಯುತ್ತಾರೆ, ದೀಪದೂಟ ಎಂದು ಹೆಸರು. ಅಂದು ಬೇರೆ ಮೂರ್ನಾಲ್ಕು ಮನೆಯವರೂ ಇದ್ದರು, ತಮ್ಮವರನ್ನು ಸೇರಿಸುವ ಮೊದಲು ನೋಡಿ ಹೋಗಲು ಬಂದವರು. ಪ್ರಭಂಜನರು ನನ್ನ ಹೆಗಲ ಮೇಲೆ ಕೈಯಿಟ್ಟು ಅವರಿಗೆ ಹೇಳಿದರು, ಎಷ್ಟು ಅಕ್ಕರೆಯಿಂದ ಹೇಳಿದರು ಅಂತೀರಿ: “ಇವರ ಮನಿಯವರದು ತಂಗಿ ಜೋಡಿ ಹಳೇ ಜಗಳ ಇತ್ತು. ಇವ್ರು ಮೊದಲ ಸೂಚನಾ ಕೊಟ್ರು, ಅದಕ ಬೆಳಿಗ್ಗೆನ ಮಂಪರು ಹನಿ ಎರಡು ಹೆಚ್ಚಿಗಿ ಕೊಟ್ವಿ. ತಂಗಿ ಬಂದು ಹೋದ್ರೂ ಒಂದು ಸಪ್ಪಳ ಇಲ್ಲ. ಕುಟುಂಬ ಹಿಂಗ ಸಹಕಾರ ಕೊಟ್ರ ನಮಗೂ ಅನುಕೂಲ.” ಎಲ್ಲರೂ ನನ್ನ ಕಡೆ ನೋಡಿ ತಲೆಯಾಡಿಸಿದರು. ನನ್ನ ಎಲೆಯಲ್ಲಿ ಆಗಷ್ಟೇ ಹೋಳಿಗೆ ಬಿದ್ದಿತ್ತು. ಕಳ್ಳನಾದರೆ ಬಚ್ಚಿಡುತ್ತಾನೆ. ಈತ ಬಚ್ಚಿಡಲಿಲ್ಲ. ನಾನು ಅವಳನ್ನು ಎಚ್ಚರವಿಡಿ ಎಂದು ಹೇಳಿದ ಮಾತನ್ನೇ ಅವಳನ್ನು ಮಲಗಿಸಲು ಬಳಸಿ, ಪಂಕ್ತಿಯ ನಡುವೆ ಅದಕ್ಕೆ ನನ್ನಿಂದ ಉಪಕಾರವಾಯಿತೆಂದ.

ಹೊರಡುವಾಗ ಅವಳ ಸಾಮಾನಿನ ಗಂಟು ಕೊಟ್ಟರು. ಅರ್ಧ ಸೀರೆಯನ್ನು ಒಗೆದು ಇಸ್ತ್ರಿ ಮಾಡಿದ್ದರು. ಬಿಚ್ಚಿ ನೋಡಿದೆ, ತಿರುವಿ ನೋಡಿದೆ. ಕುಚ್ಚುಗಳಿರಲಿಲ್ಲ. “ದಾರ ಜೋತು ಬಿದ್ದು ಅಸಹ್ಯ ಕಾಣ್ತಿತ್ರಿ, ಕತ್ತರಿಸಿ ಅಂಚು ಮಡಿಚಿ ಹೊಲಿಸೇವಿ” ಎಂದಳು ಆಯಾ. ಪೆಟ್ಟಿಗೆಯ ಹಾಸಿನ ಎಳೆಗಳಿಗೆ ಗಂಟು ಹಾಕಲು ಇನ್ನು ಒಂದು ಎಳೆಯೂ ಉಳಿದಿರಲಿಲ್ಲ.

ಇಂದ್ರವ್ವನ ಊರು ಹುಲಕೋಟಿಗೆ ಹೋಗಿ ಅವಳಿಗೆ ನಡೆದದ್ದೆಲ್ಲ ಹೇಳಿದೆ. ಅವಳು ಸೀರೆ ಕೈಗೆ ತೆಗೆದುಕೊಂಡು ಹೊಲಿದ ಅಂಚಿನ ಮೇಲೆ ಬೆರಳಾಡಿಸಿದಳು. “ಸುಳ್ಳ ಹೇಳಬ್ಯಾಡ್ರಿ ಮಾವಾರ. ಅಕಿ ರೆಪ್ಪಿ ಅಳ್ಳಾಡ್ತಿದ್ವು, ನಾ ನೋಡೇನಿ. ಸಣ್ಣಾಕಿ ಇದ್ದಾಗಿಂದ ಅಕಿ ಹಿಂಗ, ಸಿಟ್ಟು ಬಂದ್ರ ಕಣ್ಣ ಮುಚ್ಚಿ ಮಲಗ್ತಿದ್ಲು. ಈ ಅಂಚು ಅಕೀನ ಹೊಲಿಸ್ಯಾಳ. ನೀ ಕಟ್ಟಿದ ಕುಚ್ಚು ನನಗ ಬ್ಯಾಡ ಅಂತ ಉತ್ತರ ಕೊಟ್ಟಾಳ. ಕೊಡಲಿ, ಅಕ್ಕ ಅಲ್ಲೇನು.” ಚಹಾ ಕೊಟ್ಟಳು. ಬದುಕಿರುವವರೆಗೂ ಅವಳು ಹೀಗೆಯೇ ನಂಬಿರುತ್ತಾಳೆ, ನನಗೆ ಸಹಿಸಲಾಗದ್ದು ಇದೊಂದೇ.

ಪ್ರಭಂಜನರ ಬಳಿ ಹೋಗಿ ಬೇಡಿದೆ. ದಂಡ ಬೇಡ, ಕ್ಷಮೆ ಬೇಡ, ಇಂದ್ರವ್ವನ ಮನೆಗೆ ಬಂದು, ‘ಹನಿ ಹಾಕಿದ್ದು ನಾವು’ ಎಂದು ಒಂದು ಮಾತು ಹೇಳಿ. ಊಟದ ಪಂಕ್ತಿಯಲ್ಲಿ ಹೇಳಿದ್ದು ಈಗ ಆರೈಕೆಯ ಗುಟ್ಟಾಗಿತ್ತು. “ಅದೆಲ್ಲ ಹೊರಗ ಹೇಳಾಕ ಬರೂದಿಲ್ರಿ, ದೀಪಕ್ಕ ಧಕ್ಕಿ ಆಗ್ತದ.” ಗುಣಮಂಡಳಿಗೆ ಬರೆದೆ. ಆ ದಿನ ಆ ಕೋಣೆಯಲ್ಲಿ ಯಾವ ಸಪ್ಪಳವೂ ಕೇಳಿಬಂದಿಲ್ಲ, ಆದ್ದರಿಂದ ಯಾರಿಗೂ ಸಂಕಟವಾಗಿಲ್ಲ ಎಂದು ಉತ್ತರ ಬಂತು. ನಮ್ಮ ಓಣಿಯ ಚಿಕ್ಕ ಮಗುವಿಗೂ ಗೊತ್ತಿರುವುದು ಅವರಿಗೆ ಗೊತ್ತಿಲ್ಲ. ಮಗ್ಗ ಸುಮ್ಮನಿದ್ದರೆ ಓಡಿ ಹೋಗಿ ನೋಡಬೇಕು. ಹುಲಿಗೆವ್ವನ ಮನೆಗೆ ಈಗ ಒಂದೇ ದೀಪ ಉಳಿದಿದೆ, ಅದೂ ಹೋದರೆ ಬೀಗ ಹಾಕುತ್ತಾರಂತೆ. ನನ್ನ ಕೊನೆಗಾಲಕ್ಕೆಂದು ನಾನು ಅಲ್ಲಿ ಹೆಸರು ಬರೆಸಿ ಬಂದಿದ್ದೇನೆ. ಮಾತು ಬಾಕಿ ಯಾರ ಜೊತೆ ಎಂದು ಕೇಳಿದಳು. ಇಂದ್ರವ್ವ ಎಂದೆ.

ಹಿಂದಿನವರೇ, ಆಟೋಗೂ ಹೋಟೆಲಿಗೂ ಐದಕ್ಕೆ ಇಷ್ಟೆಂದು ಚುಕ್ಕಿ ಕೊಡುವುದನ್ನು ಶುರು ಮಾಡಿದವರು ನೀವೇ ಎಂದು ಓದಿದ್ದೇನೆ. ಅದಕ್ಕೆ ನಿಮಗೆ ಬರೆದೆ. ನಿಮ್ಮಲ್ಲಿ ಈ ಮನೆಗಳು ಇನ್ನೂ ಎಳೆಯವು, ಅವುಗಳ ಗುಣ ಹೇಗೆ ನೋಡಬೇಕೆಂದು ನೀವು ಇನ್ನೂ ಯೋಚಿಸುತ್ತಿರಬಹುದು. ಐ ಬೆಗ್ ಟು ಸ್ಟೇಟ್. ನೋವು ಇರಬಾರದು, ಅದಕ್ಕೆ ಎಷ್ಟು ಔಷಧಿ ಬೇಕೋ ಕೊಡಲಿ, ಬೇಡ ಎಂದವನು ಮೂರ್ಖ. ಆದರೆ ಬಾಗಿಲಲ್ಲಿ ನಿಂತು ನಿಶ್ಶಬ್ದ ಕೇಳಿಸಿಕೊಂಡು ಬರಬೇಡಿ. ನೆಂಟರು ಬರುವ ಹೊತ್ತಿಗೆ ಹೋಗಿ. ಹನಿ ಹೆಚ್ಚಿಸುವಾಗ ಯಾರನ್ನು ಕೇಳುತ್ತೀರಿ ಎಂದು ವಿಚಾರಿಸಿ, ಮಲಗಿದವರನ್ನೋ, ನಿಂತವರನ್ನೋ, ಗೋಡೆಯನ್ನೋ. ಸಾಯುವವರು ಬೆಳಿಗ್ಗೆ ಏನು ಬೇಕೆಂದರು, ಸಂಜೆಗೆ ಅದು ಸಿಕ್ಕಿತೇ ಎಂದು ಅವರ ಬಾಯಿಂದಲೇ ಕೇಳಿ. ಅಲ್ಲಿ ಯಾರಾದರೂ ಉಪ್ಪಿಗಾಗಿ ಕೂಗಾಡುತ್ತಿದ್ದರೆ ಹೆದರಿ ಹೊರಗೆ ಬರಬೇಡಿ.

ಇನ್ನೂ ಒಂದಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಮುಂದೊಂದು ದಿನ ನೀವು ನಿಮ್ಮ ಅಕ್ಕನನ್ನೋ ಅಣ್ಣನನ್ನೋ ನೋಡಲು ಹೋಗಿ, ಅವರು ಕಣ್ಣು ಮುಚ್ಚಿಕೊಂಡಿದ್ದು, ಯಾರೋ ತುಟಿಗೆ ಬೆರಳಿಟ್ಟು ಮಲಗಿದ್ದಾರೆ ಎಂದರೆ, ಭುಜ ಹಿಡಿದು ಅಲುಗಿಸಿ. ಎಬ್ಬಿಸಿ. ಬೈದರೆ ಬೈಸಿಕೊಳ್ಳಿ.

ನಿಮ್ಮ ಮುಂದಿನವನು,
ರಾಚಪ್ಪ ನೂಲ್ವಿ