ನಡೆದು ಹೋಗುವಷ್ಟು ಹತ್ತಿರ

ನಮ್ಮವರಿಗೆ,

ರೀ ಎಂದು ಕೂಗಿ ಅಭ್ಯಾಸವಾದವಳಿಗೆ ಕಾಗದದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯುತ್ತಿಲ್ಲ. ನೀವಿದ್ದಾಗ ನಾನು ಬರೆದದ್ದನ್ನು ನಾನೇ ಓದಿ ಹೇಳಬೇಕಿತ್ತು. ಈಗ ಓದುವುದಕ್ಕೆ ನಾನಿದ್ದೇನೆ, ಕೇಳುವುದಕ್ಕೆ ನೀವಿಲ್ಲ. ಆದರೂ ಬರೆಯುತ್ತಿದ್ದೇನೆ. ಈ ಊರಿನಲ್ಲಿ ನಮ್ಮ ಭಾಷೆ ಬಲ್ಲವರು ಇನ್ಯಾರೂ ಇಲ್ಲ.

ಮಗಳು ಮೊನ್ನೆ ಫೋನಿನಲ್ಲಿ ಕೇಳಿದಳು: "ಅಮ್ಮಾ, ಅಷ್ಟು ದೂರದ ಊರನ್ನ ಯಾಕೆ ಆರಿಸಿಕೊಂಡ್ರಿ ಅಂತ ಈಗಲಾದ್ರೂ ಹೇಳ್ತೀಯಾ?" ಹೇಳಲಾಗಲಿಲ್ಲ. ನಿಮ್ಮ ಕಾಲಿಗಾಗಿ ಆರಿಸಿದೆವು ಎಂದರೆ ಅವಳು ಅಳುತ್ತಿದ್ದಳು.

ನೀವು ಜೀವಮಾನವಿಡೀ ಬಸ್ಸು ಓಡಿಸಿದವರು. ಮೊದಲು ಕಣ್ಣಿನ ಅಂಚು ಮಸುಕಾಯಿತು, ಆಮೇಲೆ ನಡುವಿನ ನೋಟವೂ ಹೋಯಿತು. ಡಿಪೋದವರು ಅರ್ಧ ಪೆನ್ಶನ್ ಕೊಟ್ಟು ಮನೆಗೆ ಕಳಿಸಿದರು. ನಮ್ಮ ಮನೆಯೋ ದೊಡ್ಡ ರಸ್ತೆಯ ಮೇಲೆ. ಗೇಟು ದಾಟಿದರೆ ಲಾರಿಗಳು. ಫುಟ್‌ಪಾತ್ ಎಂಬುದು ಹೆಸರಿಗೂ ಇಲ್ಲ. ಹಾಲು ತರುವುದಕ್ಕೂ ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟಬೇಕು. ನಾನು ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹಾಸಿಗೆ ಬಟ್ಟೆಗಳನ್ನು ಹೊಲಿದು ಬರುವ ತನಕ ನೀವು ಬಾಲ್ಕನಿಯ ಕುರ್ಚಿಯಲ್ಲಿ ಕೂತು ಬಸ್ಸುಗಳ ಸದ್ದು ಕೇಳುತ್ತಿದ್ದಿರಿ. "ಈಗ ಹೋಯ್ತಲ್ಲ, ಅದರ ಗೇರ್‌ಬಾಕ್ಸ್ ಇನ್ನೇನು ಕೈ ಕೊಡುತ್ತೆ ಕಣೇ" ಎನ್ನುತ್ತಿದ್ದಿರಿ. ನಗುತ್ತಲೇ ಹೇಳುತ್ತಿದ್ದಿರಿ. ಒಂದು ದಿನ ಮಾತ್ರ ನಗಲಿಲ್ಲ. "ನನ್ನ ಕಣ್ಣು ಹೋಗಿರೋದು, ಕಾಲು ಹೋಗಿಲ್ಲ. ಎಲ್ಲರೂ ಸೇರಿ ಕಾಲಿಗೂ ಯಾಕೆ ರಿಟೈರ್ಮೆಂಟ್ ಕೊಟ್ಟಿದ್ದೀರಾ?" ಎಂದಿರಿ.

ನಮ್ಮ ರಾಜ್ಯದಲ್ಲಿ ನಮ್ಮ ಕೈಗೆಟುಕುವ ಬಾಡಿಗೆ ಮನೆಗಳೆಲ್ಲ ಇಂಥ ರಸ್ತೆಗಳಲ್ಲೇ ಇದ್ದವು. ಬೇರೆ ರಾಜ್ಯ ನೋಡೋಣ ಎಂದವಳು ನಾನು. ಮಗಳು ಹೌಹಾರಿದಳು: "ಅಪ್ಪನಿಗೆ ಕಣ್ಣು ಕಾಣಲ್ಲ, ನಿಂಗೆ ಅಲ್ಲಿಯ ಮಾತು ಬರಲ್ಲ. ಇಬ್ಬರೂ ಸೇರಿ ಅಲ್ಲಿ ಏನ್ ಮಾಡ್ತೀರಾ?" ನೀವು ತಡಮಾಡಲೇ ಇಲ್ಲ. "ಅವಳು ನೋಡ್ತಾಳೆ, ನಾನು ಮಾತಾಡ್ತೀನಿ" ಎಂದಿರಿ. ಮಗಳೂ ನಕ್ಕುಬಿಟ್ಟಳು.

ನಾವು ಮೊದಲು ನೋಡಿದ ಊರು ನೆನಪಿದೆಯೇ? ಅಗಲವಾದ ಫುಟ್‌ಪಾತು, ಉದ್ದಕ್ಕೂ ನೆರಳು. ಆದರೆ ನಮ್ಮ ಬಾಡಿಗೆಗೆ ದೊರೆತದ್ದು ಗ್ಯಾರೇಜಿನ ಹಿಂದಿನ ಒಂದು ಕೋಣೆ. ಗೋಡೆಗೆಲ್ಲ ಆಯಿಲ್ ವಾಸನೆ. "ಇಲ್ಲಿ ನಡೀಬಹುದು, ಬದುಕೋಕಾಗಲ್ಲ" ಎಂದಿರಿ. ಎರಡನೆಯ ಊರಿನಲ್ಲಿ ಮನೆ ಅಗ್ಗ, ಗಾಳಿ ಬೆಳಕೂ ಇತ್ತು. ಹೊರಗೆ ಕಾಲಿಟ್ಟರೆ ಫುಟ್‌ಪಾತಿನ ತುಂಬ ನಿಲ್ಲಿಸಿದ ಸ್ಕೂಟರುಗಳು, ಬಾಯಿ ತೆರೆದ ಚರಂಡಿ. ಹತ್ತು ಹೆಜ್ಜೆಯೊಳಗೆ ನಿಮ್ಮ ಮೊಣಕಾಲ ಕೆಳಗೆ ತರಚಿತು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಾನು ರಕ್ತ ಒರೆಸಿದೆ.

ಆಮೇಲೆ ಇದು. ಗಿರಣಿಗಳು ಮುಚ್ಚಿಹೋದ ಊರು. ಅದಕ್ಕೇ ಮನೆಗಳು ಖಾಲಿ, ಬಾಡಿಗೆ ಕಡಿಮೆ. ಬೀದಿಗಳು ಮಾತ್ರ ಗಿರಣಿಗೆ ನಡೆದು ಹೋಗುತ್ತಿದ್ದವರಿಗಾಗಿ ಹಾಕಿದವು: ಕಲ್ಲು ಹಾಸಿದ ಫುಟ್‌ಪಾತು, ಅಂಗಡಿಗಳ ಮುಂದೆ ಉದ್ದಕ್ಕೂ ಚಾವಣಿ. ನನ್ನನ್ನು ಹಿಂದೆ ನಿಲ್ಲಿಸಿ ನೀವು ಕೋಲು ಬಡಿಯುತ್ತ ಬೀದಿಯ ಕೊನೆಯವರೆಗೆ ಹೋದಿರಿ, ತಿರುಗಿ ಬಂದಿರಿ. ಹಣೆಯ ಮೇಲೆ ಬೆವರು. "ಬೀದಿ ನನಗೆ ಒಪ್ಪಿಗೆ. ಮನೆ ಹೇಗಿದೆ?" ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಅಡುಗೆಮನೆಯಲ್ಲಿ ಒಬ್ಬಳು ತಿರುಗುವಷ್ಟೇ ಜಾಗ. "ಇದೆ" ಎಂದೆ. ನೀವು ಜೋರಾಗಿ ನಕ್ಕಿರಿ.

ನೀವು ಮೊದಲ ಸಲ ಒಬ್ಬರೇ ಹೊರಟ ಬೆಳಿಗ್ಗೆ ನಾನು ಸದ್ದಿಲ್ಲದೆ ಹಿಂಬಾಲಿಸಿದ್ದೆ. ಔಷಧಿ ಅಂಗಡಿಯ ಮುಂದೆ ನಿಂತು, ತಿರುಗದೆಯೇ ಗದರಿದಿರಿ: "ನಿನ್ನ ಚಪ್ಪಲಿ ಸದ್ದು ನಂಗೆ ಗೊತ್ತಿಲ್ವಾ? ಮನೆಗೆ ನಡಿಯೇ." ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಸುಖಕ್ಕೆ ಅತ್ತದ್ದು ಅದೊಂದೇ ಸಲ.

ಎಷ್ಟು ಬೇಗ ಊರನ್ನೆಲ್ಲ ಹಚ್ಚಿಕೊಂಡಿರಿ! ಬಸ್ಸಿನ ದಿನಗಳಲ್ಲಿ ಕಲಿತ ಹರಕುಮುರುಕು ಮಾತಿನಲ್ಲೇ ಕ್ಷೌರದವನ ಜೊತೆ ಜಗಳ, ಇಸ್ತ್ರಿ ಮಾಡುವ ಅಜ್ಜಿಯ ಜೊತೆ ಹರಟೆ. ನಾನು ಪರದೆ ಅಂಗಡಿಗೆ ಹೊಲಿದುಕೊಡುತ್ತ ಮನೆಯಲ್ಲೇ ಇದ್ದೆ. ಮಾತು ಕಲಿಯುವ ಅಗತ್ಯವೇ ಬೀಳಲಿಲ್ಲ. ನೀವಿದ್ದಿರಲ್ಲ.

ಅವತ್ತು, ನೀವು ಕ್ಷೌರಕ್ಕೆಂದು ಹೋದ ಸ್ವಲ್ಪ ಹೊತ್ತಿಗೆ, ಕ್ಷೌರದವನು ಓಡಿ ಬಂದ. ಏನೇನೋ ಕೂಗಿದ, ಒಂದಕ್ಷರವೂ ತಿಳಿಯಲಿಲ್ಲ. ಅವನ ಎರಡೂ ಕೈಗಳಲ್ಲಿ ಸೋಪಿನ ನೊರೆ ಇತ್ತು. ಅದನ್ನು ನೋಡಿದ ಮೇಲೆ ತಿಳಿಯಿತು. ಎಲ್ಲವೂ ನಡೆದು ಹೋಗುವಷ್ಟು ಹತ್ತಿರವಿರಲಿ ಎಂದು ಆರಿಸಿದ ಬೀದಿ ಅವತ್ತು ಮುಗಿಯಲೇ ಇಲ್ಲ. ಕುರ್ಚಿಯ ಸಮೇತ ನಿಮ್ಮನ್ನು ಎತ್ತಿಕೊಂಡು ಅವನೂ ಔಷಧಿ ಅಂಗಡಿಯವನೂ ಬೀದಿಯಲ್ಲಿ ಓಡಿದರು. ನಿಮ್ಮ ಅರ್ಧ ಕೆನ್ನೆ ಬೋಳಿಸಿತ್ತು, ಇನ್ನರ್ಧ ಹಾಗೇ ಇತ್ತು. ಆಸ್ಪತ್ರೆಯೂ ಹತ್ತಿರವಿರಲಿ ಎಂದು ನೋಡಿದ್ದೆವು. ಹತ್ತಿರವೇ ಇತ್ತು, ರೀ. ಅಷ್ಟು ಹತ್ತಿರವಿದ್ದೂ ತಲುಪಲಿಲ್ಲ. ಡಾಕ್ಟರು ನನಗೆ ಏನೋ ಬಹಳ ಹೊತ್ತು ಹೇಳಿದರು. ಕೊನೆಯ ಗಳಿಗೆಯಲ್ಲಿ ನಿಮಗೇನಾಯಿತು ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಮಗಳು ಬಂದಳು, ಎಲ್ಲವನ್ನೂ ಮುಗಿಸಿದಳು. "ಬಾಮ್ಮಾ, ನಮ್ಮನೇಲಿ ಲಿಫ್ಟಿದೆ, ಕಾರಿದೆ. ಇಲ್ಲಿ ಯಾರಿದ್ದಾರೆ ನಿಂಗೆ?" ಎಂದಳು. ಅವಳ ಮಾತು ನಿಜ. ಹೋದರೆ ಅಲ್ಲಿ ಅವರ ಪುರುಸೊತ್ತಿಗೆ ಕಾಯುತ್ತ ಬಾಲ್ಕನಿಯಲ್ಲಿ ಕೂರಬೇಕು. ಇದ್ದರೆ ಇಲ್ಲಿ ಗೋಡೆ ನೋಡುತ್ತ ಕೂರಬೇಕು. ಹೋಗುವುದಕ್ಕೂ ಮನಸ್ಸಿಲ್ಲ, ಇರುವುದಕ್ಕೂ ಕಾರಣವಿಲ್ಲ. ಅವಳೊಬ್ಬಳೇ ಹೋದಳು. ತರಕಾರಿ, ಅಂಚೆ ಕಚೇರಿ, ಪಾರ್ಕು, ಎಲ್ಲವೂ ನಾವು ಬಯಸಿದ ಹಾಗೆಯೇ ಕಾಲಳತೆಯಲ್ಲಿವೆ. ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ನಿಲ್ಲುತ್ತೇನೆ. ಎಲ್ಲಿಗೆ ಹೋಗಬೇಕೋ ತೋಚುವುದಿಲ್ಲ. ಮತ್ತೆ ಬಿಚ್ಚಿಡುತ್ತೇನೆ.

ನಿನ್ನೆ ಮನೆಯಲ್ಲಿ ಅಕ್ಕಿ ಮುಗಿದಿತ್ತು. ಹೊರಗೆ ಹೋಗಲೇಬೇಕಾಯಿತು. ಬೀದಿಯ ಜನ ತಲೆಯಾಡಿಸಿದರು, ನಾನೂ ಆಡಿಸಿದೆ. ಅವರಿಗೆ ನನ್ನ ಪರಿಚಯ ನಿಮ್ಮ ಹೆಂಡತಿಯೆಂದಷ್ಟೇ. ಇಸ್ತ್ರಿ ಅಜ್ಜಿ ಗಾಡಿ ಬಿಟ್ಟು ಎದ್ದು ಬಂದಳು. ನನ್ನ ಕೈ ಹಿಡಿದು, ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: "ಹು-ಷಾ-ರು ಕ-ಣೇ."

ನೀವು ಮನೆಯಿಂದ ಹೊರಡುವಾಗ, ಫೋನು ಇಡುವಾಗ, ನಿದ್ದೆಗೆ ಜಾರುವಾಗಲೂ ನನಗೆ ಹೇಳುತ್ತಿದ್ದ ಮಾತು. ಅವಳ ಗಾಡಿಯ ಪಕ್ಕ ನಿಂತು ನನಗೆ ಫೋನು ಮಾಡುತ್ತಿದ್ದಿರಲ್ಲ, ಆಗ ಕೇಳಿ ಕಲಿತಿರಬೇಕು. ನಮ್ಮ ಕಡೆ ನಮಸ್ಕಾರಕ್ಕೆ ಹೀಗೆನ್ನುತ್ತಾರೆ ಎಂದುಕೊಂಡಿದ್ದಾಳೆ, ಪಾಪ. ನಾನು ತಿರುಗಿ ಏನು ಹೇಳುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತ ನಿಂತಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು.

"ಹೂಂ" ಎಂದೆ. ಅಷ್ಟಕ್ಕೇ ಅವಳ ಮುಖ ಅರಳಿತು. ನಾನು ಅಕ್ಕಿ ಕೊಳ್ಳದೆ ಮನೆಗೆ ಬಂದೆ.

ಇನ್ನು ಬರೆಯಲಾರೆ. ನೀವಿರುವ ಕಡೆ ಯಾವ ಕೈಯ ಹಂಗೂ ಇಲ್ಲದೆ ತಿರುಗಾಡಿಕೊಂಡಿರಿ. ನನ್ನನ್ನು ಕಾಯುತ್ತ ಎಲ್ಲಿಯೂ ನಿಲ್ಲಬೇಡಿ.

ಗೋಡೆಯ ಎದುರಿನ ಕಿಟಕಿಯಿಂದ,
ನಿಮ್ಮವಳು